ಕೆಂಪು ಬೋಟಿನಲ್ಲಿ ಇದ್ದವರು

ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ನಮ್ಮ ಕನ್ನಡ ಕೂಟದ ಗಿರೀಶ ಕೇಳಿದ್ದಾರೆ. ಡಾಕ್ಟರು ತೀರಿಕೊಂಡ ಮೇಲೆ ಕೂಟದಿಂದ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರಿಂದ ಉಪಕಾರ ಪಡೆಯದ ಕನ್ನಡಿಗರ ಮನೆ ಇಲ್ಲ, ಹಾಗಾಗಿ ಸಂಚಿಕೆ ದಪ್ಪವಾಗಿಯೇ ಇರುತ್ತದೆ. "ಆಂಟಿ, ನೀವು ಆ ಕ್ರೂಸ್ ಬಗ್ಗೆ ಬರೀರಿ. ಅಂಕಲ್‌ಗೆ ಡಾಕ್ಟರು ಗ್ಲೇಷಿಯರ್ ತೋರಿಸಿದ್ದು. ಎಲ್ಲರಿಗೂ ಅದು ತುಂಬಾ ಟಚಿಂಗ್" ಎಂದರು ಗಿರೀಶ ಫೋನಿನಲ್ಲಿ. ಆಗಲಿ ಎಂದೆ. ಇಷ್ಟು ಸುಲಭವಾಗಿ ಯಾಕೆ ಒಪ್ಪಿಕೊಂಡೆ ಎಂಬುದು ಅವರಿಗೆ ಇದನ್ನು ಓದುವಾಗ ತಿಳಿಯುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಅವರ ಹೆಸರನ್ನು ನಾನು ಬರೆಯುವುದಿಲ್ಲ. ಹೆಸರೆಂದರೆ ಅವರಿಗೆ ಪ್ರಾಣ. ದೀಪಾವಳಿ ಕಾರ್ಯಕ್ರಮದ ವಂದನಾರ್ಪಣೆಯಲ್ಲಿ ಒಮ್ಮೆ ಅವರ ಹೆಸರು ಬಿಟ್ಟುಹೋಯಿತು. ಯುಗಾದಿ ಬರುವ ತನಕ ಕೂಟದ ಯಾರ ಫೋನನ್ನೂ ಎತ್ತಲಿಲ್ಲ. ಅಂಥವರ ಬಗ್ಗೆ ಹೆಸರೇ ಎತ್ತದೆ ಇಷ್ಟುದ್ದ ಬರೆಯುವುದು ನನ್ನ ಮೊದಲ ಸೇಡು. ಇನ್ನೂ ಇವೆ, ನಿಧಾನವಾಗಿ ಬರುತ್ತವೆ.

ಅವರು ಉಡುಪಿ ಕಡೆಯವರು, ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಎದುರಿಗಿದ್ದವರು ಮಾತಾಡದಂತೆ ಮಾಡುವುದೇ ಅವರ ಕಸುಬು, ಮನೆಗೆ ಬಂದ ಮೇಲೂ ಅದನ್ನು ಬಿಡುತ್ತಿರಲಿಲ್ಲ. ಎತ್ತರದ ಆಳು, ಗಟ್ಟಿ ದನಿ, ಕೊನೆಯವರೆಗೂ ಉದುರದ ಕೂದಲು. ಹಾರ್ಬೋರ್ನ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದರು. ಯಾರ ಮನೆಗೆ ಹೋದರೂ ಸೀದಾ ಅಡುಗೆಮನೆಗೆ ನುಗ್ಗಿ "ಎಂತ ಉಂಟು?" ಎಂದು ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದರು. ಮೀನಿನ ಸಾರಿನಲ್ಲಿ ದೊಡ್ಡ ಹೋಳು ಯಾವುದೆಂದು ಸೌಟಿನಿಂದಲೇ ಹುಡುಕಿ ತಮ್ಮ ತಟ್ಟೆಗೆ ಹಾಕಿಕೊಂಡು, ಆಮೇಲೆ ನಮ್ಮ ಮನೆಯ ಸಾರನ್ನೇ ನಮಗೆ ಬಡಿಸಿ "ತಿನ್ನಿ ತಿನ್ನಿ, ಸಂಕೋಚ ಎಂತಕ್ಕೆ?" ಎಂದು ಉಪಚಾರ ಮಾಡುತ್ತಿದ್ದರು. ನಾನು ಮೈಸೂರಿನ ಸಸ್ಯಾಹಾರಿ ಮನೆಯಿಂದ ಬಂದು, ಗಂಡನಿಗಾಗಿ ಮೀನು ಅಡುಗೆ ಕಲಿತವಳು. ಒಂದು ದಿನವೂ ಅವರು ಅದನ್ನು ಚೆನ್ನಾಗಿದೆ ಎನ್ನಲಿಲ್ಲ, ಒಂದು ದಿನವೂ ಉಳಿಸಲಿಲ್ಲ.

ಮಾತಾಡುವಾಗ ಎದುರಿನವರ ಮೊಣಕೈ ಹಿಡಿದುಕೊಳ್ಳುವುದು ಅವರ ಇನ್ನೊಂದು ಅಭ್ಯಾಸ. ಪ್ರೀತಿಯಿಂದ ಹಿಡಿದಂತೆ ಕಾಣುತ್ತಿತ್ತು. ಮಾತು ಮುಗಿಯುವಷ್ಟರಲ್ಲಿ ನೀವು ನಿಂತಿದ್ದ ಜಾಗದಲ್ಲಿ ಅವರಿರುತ್ತಿದ್ದರು, ನೀವು ಎಲ್ಲೋ ಬಾಗಿಲ ಹತ್ತಿರ ಇರುತ್ತಿದ್ದಿರಿ. ಗುಂಪು ಫೋಟೋ ತೆಗೆಯುವಾಗ ಇದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಒಳ್ಳೆಯದನ್ನೂ ಬರೆಯಬೇಕು. ಬರೆಯದಿದ್ದರೆ ನನಗೂ ಅವರಿಗೂ ವ್ಯತ್ಯಾಸ ಇರುವುದಿಲ್ಲ. ನನ್ನ ಮಗಳು ಚಿಕ್ಕವಳಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದಳು. ಹೊರಗೆ ಹಿಮ ಬಿದ್ದು ಕಾರುಗಳು ಅಲ್ಲಲ್ಲೇ ನಿಂತಿದ್ದವು. ಅವರು ಬೂಟು ಹಾಕಿಕೊಂಡು ನಡೆದೇ ಬಂದರು, ಮಗುವನ್ನು ತಮ್ಮ ಕೋಟಿನೊಳಗೆ ಸುತ್ತಿಕೊಂಡು ಆಸ್ಪತ್ರೆಗೆ ನಡೆದೇ ಹೋದರು. ನಾನು ಹಿಂದಿನಿಂದ ಅಳುತ್ತಾ ಓಡುತ್ತಿದ್ದೆ. ತಿರುಗಿ ನೋಡಿ "ಅಳ್ಬೇಡಿ ಮಾರಾಯ್ರೆ, ನಾನುಂಟಲ್ಲ" ಎಂದರು. ಆ ದಿನ ಅವರು ನನಗೆ ದೇವರೇ. ಈಗ ಲೀಡ್ಸ್‌ನಲ್ಲಿರುವ ಆ ಮಗಳು, ನಾನು ಇದನ್ನು ಬರೆಯುತ್ತಿದ್ದೇನೆ ಎಂದಾಗ "ಲೆಟ್ ಇಟ್ ಗೋ, ಅಮ್ಮಾ" ಎಂದಳು. ಅವಳಿಗೆ ಆ ಹಿಮ ನೆನಪಿಲ್ಲ, ನನಗೆ ನೆನಪಿದೆ. ನೆನಪಿಟ್ಟುಕೊಂಡೇ ಬರೆಯುತ್ತಿದ್ದೇನೆ.

"ನಾನುಂಟಲ್ಲ." ಇದು ಅವರ ಮಾತು. ಇಲ್ಲಿನ ಬಡಾವಣೆ ಡಾಕ್ಟರಾದ ಜಿಪಿಯ ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಅವರಿಗೆ ಫೋನ್. ಊರಿನಿಂದ ಬಂದ ಅತ್ತೆಗೆ ಬಿಪಿ ಏರಿದರೆ ಅವರಿಗೆ ಫೋನ್. ಹೆಡ್‌ಮಾಸ್ಟರ್ ಜೊತೆ ಮಾತಾಡಬೇಕಾದರೆ, ಕೌನ್ಸಿಲ್‌ನವರ ಜೊತೆ ಜಗಳವಾಡಬೇಕಾದರೆ, ಎಲ್ಲದಕ್ಕೂ ಅವರೇ. ಇಂಗ್ಲಿಷ್ ನಮಗೆ ಬರುತ್ತಿತ್ತು. ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿದವಳು, ನಮ್ಮವರು ಕಾರ್ಖಾನೆಯಲ್ಲಿ ಇಂಜಿನಿಯರು. ಆದರೂ ಕೌಂಟರಿನ ಮುಂದೆ ನಿಂತಾಗ ಅವರು ಮುಂದೆ ಬಂದು ಮಾತಾಡಿದರೆ ನಮಗೆ ಹಾಯೆನಿಸುತ್ತಿತ್ತು. ನಮ್ಮ ಜನಕ್ಕೆ ಇದೊಂದು ಚಟ. ಗುಂಪಿನಲ್ಲಿ ಒಬ್ಬ ದೊಡ್ಡ ಡಾಕ್ಟರು ಇದ್ದರೆ ನಮ್ಮ ನಾಲಿಗೆಯನ್ನು ಅವರ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಹಿಂದೆ ನಿಲ್ಲುತ್ತೇವೆ. ಅದರಿಂದ ನಮ್ಮವರಿಗೆ ಏನಾಯಿತು ಎಂಬುದೇ ಗಿರೀಶರು ಕೇಳಿದ ಆ ಕ್ರೂಸಿನ ಕಥೆ.

ನಮ್ಮವರ ಬಗ್ಗೆ ಸ್ವಲ್ಪ ಹೇಳಬೇಕು. ಅವರ ಹೆಸರು ಸದಾಶಿವ. ಈ ಹೆಸರನ್ನು ಮಾತ್ರ ಎಲ್ಲಿ ಬೇಕಾದರೂ ಬರೆಯುತ್ತೇನೆ. ಮಲ್ಪೆಯ ಹತ್ತಿರದವರು, ಮಿತಭಾಷಿ, ಸಮುದ್ರದ ಹಕ್ಕಿಗಳೆಂದರೆ ಹುಚ್ಚು. ಚಳಿಗಾಲದ ಶನಿವಾರ ಬಂತೆಂದರೆ ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ಬಾರ್ಟ್ಲಿ ಕೆರೆಯ ದಂಡೆಗೆ ಹೋಗಿ, ಸಂಜೆ ಅಲ್ಲಿ ಬಂದು ಇಳಿಯುವ ಕಡಲಕಾಗೆಗಳನ್ನು ಬೈನಾಕ್ಯುಲರ್‌ನಲ್ಲಿ ನೋಡುತ್ತಾ ನಿಲ್ಲುತ್ತಿದ್ದರು. ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅವುಗಳಲ್ಲಿ ಕಿಟಿವೇಕ್ ಎಂಬುದೊಂದು ಇದೆ, ಕಡಲನ್ನು ಬಿಟ್ಟು ಒಳನಾಡಿಗೆ ಬರುವುದು ಅಪರೂಪ. ರೆಕ್ಕೆಯ ತುದಿಯನ್ನು ಮಾತ್ರ ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ ಕಪ್ಪಗಿರುತ್ತದೆ. ಬಿರುಗಾಳಿ ಬೀಸಿದ ಮರುದಿನ ಅದೇನಾದರೂ ದಾರಿ ತಪ್ಪಿ ಬಂದಿದೆಯೇ ಎಂದು ವರ್ಷಗಟ್ಟಲೆ ಕಾದರು. ಬರಲಿಲ್ಲ.

ಡಾಕ್ಟರಿಗೆ ಇದು ನಗೆಯ ವಿಷಯ. "ಮಲ್ಪೆಯಲ್ಲಿ ಕಲ್ಲು ಹೊಡೆದು ಓಡಿಸುವ ಹಕ್ಕಿಯನ್ನು ಇಲ್ಲಿ ದುರ್ಬೀನು ಹಾಕಿ ನೋಡ್ತಾನಲ್ಲ ಇವ!" ಎಂದು ಕೂಡಿದವರ ಮುಂದೆ ಹೇಳಿ ನಗಿಸುತ್ತಿದ್ದರು. ನಮ್ಮವರೂ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ, ಅಷ್ಟು ಮಾತ್ರ ಆಗ ನನ್ನಿಂದ ಆಗುತ್ತಿದ್ದದ್ದು.

ನಿವೃತ್ತರಾದ ಕೆಲವೇ ದಿನಗಳಲ್ಲಿ ನಮ್ಮವರ ಬಲಗೈ ನಡುಗಲು ಶುರುವಾಯಿತು. ಪಾರ್ಕಿನ್ಸನ್ಸ್ ಎಂದರು. ಹೆಜ್ಜೆ ಚಿಕ್ಕದಾಯಿತು, ದನಿ ತಗ್ಗಿತು. ಒಂದು ದಿನ ಊಟಕ್ಕೆ ಕೂತಾಗ "ಧ್ರುವದ ಹತ್ತಿರ ಗ್ಲೇಷಿಯರ್ ಒಡೆದು ಸಮುದ್ರಕ್ಕೆ ಬೀಳುವಲ್ಲಿ ಕಿಟಿವೇಕ್ ಸಾವಿರಗಟ್ಟಲೆ ಸೇರ್ತಾವಂತೆ. ಮಂಜುಗಡ್ಡೆ ಬಿದ್ದಾಗ ಕೆಳಗಿನ ನೀರು ಮೇಲೆ ಬರ್ತದೆ, ಅದರಲ್ಲಿ ತಿನ್ಲಿಕ್ಕೆ ಸಿಕ್ತದೆ. ಕಾಲು ಇರುವಾಗ ಒಮ್ಮೆ ನೋಡಿ ಬರುವನಾ?" ಎಂದರು. ಮದುವೆಯಾದಂದಿನಿಂದ ಅವರು ನನ್ನಲ್ಲಿ ತಮಗಾಗಿ ಕೇಳಿದ್ದು ಇದೊಂದೇ.

ವಿಷಯ ಡಾಕ್ಟರ ಕಿವಿಗೆ ಬಿತ್ತು, ನಮ್ಮ ಪ್ರವಾಸ ಕೂಟದ ಪ್ರವಾಸವಾಯಿತು. ಲಿವರ್‌ಪೂಲ್‌ನಿಂದ ಹೊರಟು ನಾರ್ವೆಯ ಕರಾವಳಿ ಹಿಡಿದು ಸ್ವಾಲ್‌ಬಾರ್ಡ್ ಎಂಬ ಹಿಮದ್ವೀಪಗಳವರೆಗೆ ಹೋಗುವ ಹಡಗು. ನಾವಿಬ್ಬರು, ಡಾಕ್ಟರು, ಅವರ ಹೆಂಡತಿ ಸುಮತಿ ಅಕ್ಕ, ಗಿರೀಶ, ಇನ್ನೂ ಕೆಲವು ಮನೆಗಳವರು. ಬರ್ಮಿಂಗ್‌ಹ್ಯಾಮ್‌ನಿಂದ ಬಸ್ಸಿನಲ್ಲಿ ಹೋಗುವಾಗಲೇ ಡಾಕ್ಟರು ಎಲ್ಲರ ಪಾಸ್‌ಪೋರ್ಟ್ ಒಟ್ಟುಮಾಡಿ ಕೈಯಲ್ಲಿ ಹಿಡಿದುಕೊಂಡರು. ಹಡಗು ಹತ್ತುವ ಕೌಂಟರಿನಲ್ಲಿ ಆರೋಗ್ಯದ ಬಗ್ಗೆ ಕೇಳಿದಾಗ ನಮ್ಮವರ ಹೆಗಲ ಮೇಲೆ ಕೈಹಾಕಿ, ಇವರು ನನ್ನ ಪೇಷೆಂಟು, ಏನಿದ್ದರೂ ನನ್ನನ್ನು ಕೇಳಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮವರು ಯಾವತ್ತೂ ಅವರ ಪೇಷೆಂಟ್ ಆಗಿರಲಿಲ್ಲ. ನಾವು ತಿದ್ದಲಿಲ್ಲ. ಸಾಲು ಬೇಗ ಮುಂದೆ ಹೋಯಿತಲ್ಲ ಎಂದು ಖುಷಿಪಟ್ಟೆವು.

ಹಡಗಿನಲ್ಲಿ ಡಾಕ್ಟರು ಹೇಗಿದ್ದರು ಎಂಬುದನ್ನು ಅವರ ಯಾವ ಭಾಷಣದಲ್ಲೂ ನೀವು ಕೇಳಿಲ್ಲ. "ನಮ್ಮದು ಕಡಲಿನ ರಕ್ತ ಮಾರಾಯ್ರೆ, ನಮಗೆಂತ ಆಗ್ತದೆ?" ಎಂದು ಘಟ್ಟದ ಮೇಲಿನವರಿಗೆಲ್ಲ ವಾಂತಿಯ ಮಾತ್ರೆ ಹಂಚಿದರು. ತೆರೆದ ಕಡಲು ಸಿಕ್ಕಿದ್ದೇ ತಡ, ಮೊದಲು ವಾಂತಿ ಮಾಡಿಕೊಂಡವರು ಅವರು. ಊಟದ ಹಾಲಿನ ಕುಂಡದಲ್ಲಿದ್ದ ಒಂದು ಗಿಡಕ್ಕೆ ಅದರ ಅಭಿಷೇಕವಾಯಿತು. ಅದನ್ನು ಒರೆಸಲು ಬಂದವನಿಗೆ ಸೂಪು ಕೆಟ್ಟಿತ್ತು ಎಂದು ಗದರಿದರು. ನಾನು ಪಕ್ಕದ ಮೇಜಿನಲ್ಲಿ ಅದೇ ಸೂಪು ಕುಡಿಯುತ್ತಿದ್ದೆ, ಚೆನ್ನಾಗಿಯೇ ಇತ್ತು. ಸುಮತಿ ಅಕ್ಕನಂತೂ ಪಾಪ, ಕ್ಯಾಬಿನ್ ಬಿಟ್ಟು ಹೊರಗೆ ಬರಲೇ ಇಲ್ಲ. ಇದನ್ನು ನೆನಪಿಡಿ.

ಆದರೆ ಆ ಕರಾವಳಿ! ಕಡಲಿನಿಂದ ಸೀದಾ ಮೇಲೆದ್ದ ಬೆಟ್ಟಗಳು, ಅವುಗಳ ಮೈಮೇಲಿಂದ ಇಳಿಯುವ ನೀರು, ಮುಳುಗುವುದನ್ನೇ ಮರೆತ ಸೂರ್ಯ. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕಿಟಕಿಯ ಹೊರಗೆ ತಿಮಿಂಗಿಲವೊಂದು ಉಸಿರು ಬಿಟ್ಟಿತು. ಎಲ್ಲರೂ ಎದ್ದೆವು. ಡಾಕ್ಟರು ಕಿಟಕಿಗೆ ಅಡ್ಡ ನಿಂತು "ಅದೋ ನೋಡಿ, ಅದೋ ನೋಡಿ" ಎಂದು ನಮಗೆ ತೋರಿಸಿದರು. ನಮಗೆ ಕಂಡದ್ದು ಅವರ ಬೆನ್ನು. ನಮ್ಮವರು ಮಾತ್ರ ಮೆಲ್ಲಗೆ ಡೆಕ್ಕಿಗೆ ಹೋಗಿ ಅದರ ಬಾಲ ನೋಡಿ ಬಂದರು.

ಗ್ಲೇಷಿಯರಿನ ಹತ್ತಿರಕ್ಕೆ ಸಣ್ಣ ರಬ್ಬರ್ ಬೋಟುಗಳಲ್ಲಿ ಕರೆದುಕೊಂಡು ಹೋಗುತ್ತಾರೆ. ಸೀಟು ಕಡಿಮೆ, ಮೊದಲೇ ಹೇಳಿಡಬೇಕು. ನಾನು ಇಬ್ಬರಿಗೂ ಹೇಳಿಟ್ಟಿದ್ದೆ. ಬೋಟಿನ ಉಸ್ತುವಾರಿ ನೋಡುವ ಹುಡುಗಿ ನಮ್ಮವರನ್ನು ಹಿಂದಿನ ದಿನ ಕರೆಸಿ, ಇಬ್ಬರು ನಾವಿಕರು ಎರಡು ಕಡೆ ಹಿಡಿದುಕೊಂಡರೆ ಇವರು ಮೆಟ್ಟಿಲು ಇಳಿಯಬಲ್ಲರೇ ಎಂದು ಪರೀಕ್ಷಿಸಿದ್ದಳು. ಇಳಿದು ತೋರಿಸಿದ್ದರು. ಅವಳು ಚಪ್ಪಾಳೆ ತಟ್ಟಿದ್ದಳು. ನಾನು ಮಾತ್ರೆಗಳ ಹೊತ್ತನ್ನು ಹೊಂದಿಸಿ, ಅವರ ಕೈಕಾಲು ಚೆನ್ನಾಗಿ ಆಡುವ ಒಳ್ಳೆಯ ಗಳಿಗೆ ಸರಿಯಾಗಿ ಬೋಟಿನ ಹೊತ್ತಿಗೇ ಬರುವಂತೆ ಮಾಡಿದ್ದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಮನಸ್ಸಿಟ್ಟು ನಾನು ಯಾವ ಔಷಧವನ್ನೂ ಕೊಟ್ಟಿಲ್ಲ.

ಡಾಕ್ಟರು ಸೀಟು ಹೇಳಿಟ್ಟಿರಲಿಲ್ಲ. "ಆ ಟ್ಯೂಬಿನಲ್ಲಿ ಕೂತು ಎಂತ ನೋಡುದು? ಹಡಗಿನಿಂದಲೇ ಕಾಣ್ತದೆ" ಎಂದಿದ್ದರು. ಆದರೆ ಆ ಬೆಳಿಗ್ಗೆ ನೀರಿನಲ್ಲಿ ಮಂಜುಗಡ್ಡೆ ತೇಲುತ್ತಿದೆ, ಹಡಗು ದೂರದಲ್ಲೇ ನಿಲ್ಲುತ್ತದೆ, ಸಣ್ಣ ಬೋಟುಗಳಷ್ಟೇ ಹತ್ತಿರ ಹೋಗುತ್ತವೆ ಎಂದು ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಹೇಳಿದರು.

ನಾನು ಕ್ಯಾಬಿನ್‌ನಲ್ಲಿ ನಮ್ಮವರಿಗೆ ಕೆಂಪು ಸೂಟು ತೊಡಿಸುತ್ತಿದ್ದೆ. ನೀರಿಗೆ ಬಿದ್ದರೂ ಬೆಚ್ಚಗಿಡುವ ದಪ್ಪ ಸೂಟು ಅದು, ತೊಡಿಸುವಷ್ಟರಲ್ಲಿ ನನಗೆ ಬೆವರು ಬಂದಿತ್ತು. ನಮ್ಮವರು ಕನ್ನಡಿ ನೋಡಿಕೊಂಡು "ಅಗ್ನಿಶಾಮಕ ದಳದವನ ಹಾಗೆ ಕಾಣ್ತೇನೆ ಮಾರಾಯ್ತಿ" ಎಂದು ನಕ್ಕರು. ಕೈ ನಡುಗುತ್ತಿರಲಿಲ್ಲ. ಕೊರಳಲ್ಲಿ ಬೈನಾಕ್ಯುಲರ್ ಹಾಕಿಕೊಂಡು ನಾವು ಬೋಟು ಹತ್ತುವ ಬಾಗಿಲಿಗೆ ಬಂದಾಗ ಆ ಹುಡುಗಿಯ ಮುಖ ಸಪ್ಪಗಿತ್ತು. ಕ್ಷಮಿಸಿ, ನೀವು ಹೋಗುವಂತಿಲ್ಲ, ನಿಮ್ಮ ಡಾಕ್ಟರೇ ಬೇಡವೆಂದು ಹೇಳಿದ್ದಾರೆ, ಅವರ ಮಾತು ಮೀರಿ ನಾನು ಕಳುಹಿಸಲಾರೆ ಎಂದಳು.

ಡಾಕ್ಟರು ಅಲ್ಲೇ ಇದ್ದರು. ನಮ್ಮವರ ಮೊಣಕೈ ಹಿಡಿದು ಒಂದು ಪಕ್ಕಕ್ಕೆ ತಂದರು. "ನೋಡು ಮಾರಾಯ, ಹೆಚ್ಚುಕಮ್ಮಿ ಆದ್ರೆ ಈ ಮಂಜಿನಲ್ಲಿ ಆಸ್ಪತ್ರೆ ಎಲ್ಲುಂಟು? ನಾಳೆ ಜನ ನನ್ನನ್ನು ಕೇಳುದಿಲ್ವಾ? ನೀನು ಮೇಲೆ ಡೆಕ್ಕಲ್ಲಿ ಆರಾಮ ಕೂತುಕೋ."

"ಇವರು ನಿಮ್ಮ ಪೇಷೆಂಟ್ ಅಲ್ಲ ಡಾಕ್ಟ್ರೇ" ಎಂದೆ ನಾನು. "ಇವರ ನ್ಯೂರಾಲಜಿಸ್ಟ್ ಹೋಗಿ ಅಂದಿದಾರೆ. ಈ ಹುಡುಗಿ ನಿನ್ನೆ ಇಳಿಸಿ ನೋಡಿದಾಳೆ."

"ನೀವು ಬಿಸಿ ಆಗ್ಬೇಡಿ. ನಿಮಗೆ ಗೊತ್ತಾಗುದಿಲ್ಲ. ನಾನುಂಟಲ್ಲ."

ನಾನು ಆ ಹುಡುಗಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಲು ಹೊರಟೆ. ನಮ್ಮವರು ನನ್ನ ತೋಳು ಮುಟ್ಟಿ ತಡೆದರು. "ಬಿಡು. ಎಲ್ಲರ ಎದುರು ಬೇಡ. ಅವರು ನಮ್ಮ ಒಳ್ಳೆಯದಕ್ಕೇ ಹೇಳುದು" ಎಂದರು. ನನ್ನ ಸೀಟೂ ಬೇಡವೆಂದು ಹೇಳಿ, ಕ್ಯಾಬಿನ್ನಿಗೆ ಹೋಗಿ ಆ ಸೂಟನ್ನು ಮತ್ತೆ ಬಿಚ್ಚಿದೆ. ತೊಡಿಸಿದ್ದಕ್ಕಿಂತ ಬಿಚ್ಚುವುದಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಅವರ ಕೈ ನಡುಗತೊಡಗಿತ್ತು.

ಡೆಕ್ಕಿಗೆ ಬಂದು ಕಂಬಿ ಹಿಡಿದು ನಿಂತೆವು. ಕೆಳಗೆ ಹಡಗಿನ ಪಕ್ಕದಿಂದ ಕೆಂಪು ಬೋಟೊಂದು ಹೊರಟಿತು. ಮುಂದಿನ ಸೀಟಿನಲ್ಲಿ, ಕೆಂಪು ಸೂಟಿನಲ್ಲಿ, ನಮ್ಮವರ ಜಾಗದಲ್ಲಿ, ಅವರು ಕೂತಿದ್ದರು. ತಲೆ ಎತ್ತಿ ನಮ್ಮನ್ನು ಕಂಡು ಕೈ ಬೀಸಿದರು. ನನ್ನ ಗಂಡ ತಿರುಗಿ ಕೈ ಬೀಸಿದರು. ಇವತ್ತಿಗೂ ನನ್ನಿಂದ ಮರೆಯಲಾಗದ್ದು ಮೊದಲನೆಯ ಕೈಯಲ್ಲ, ಎರಡನೆಯದು.

ನನ್ನ ಸೀಟಿನಲ್ಲಿ ಕೂತಿದ್ದವರು ಯಾರು ಎಂದು ಓದುಗರಿಗೆ ಕುತೂಹಲವಿರಬಹುದು. ಈ ಸಂಚಿಕೆಯ ಸಂಪಾದಕರು. ಹೌದು ಗಿರೀಶ, ನೀವೇ. ಡಾಕ್ಟರು "ಬಾ ಮಾರಾಯ, ಒಂದು ಸೀಟು ಖಾಲಿ ಉಂಟು" ಎಂದು ಕರೆದರೆ ನೀವಾದರೂ ಏನು ಮಾಡುತ್ತೀರಿ? ಅಂಕಲ್‌ಗೆ ಡಾಕ್ಟರು ಗ್ಲೇಷಿಯರ್ ತೋರಿಸಿದ ಕಥೆ ಬರೀರಿ ಎಂದು ನನಗೆ ಫೋನ್ ಮಾಡಿದಾಗ ನಿಮಗೆ ಇದು ನೆನಪಿಗೆ ಬರಲಿಲ್ಲವೇ ಎಂದಷ್ಟೇ ಕೇಳುತ್ತಿದ್ದೇನೆ.

ಹಡಗಿನಿಂದ ಗ್ಲೇಷಿಯರ್ ಒಂದು ನೀಲಿ ಗೋಡೆ. ಅದರ ಬುಡದಲ್ಲಿ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಏನೋ ಏಳುತ್ತಿತ್ತು, ಇಳಿಯುತ್ತಿತ್ತು. ಅವೇ ಕಿಟಿವೇಕ್‌ಗಳು. ನಮ್ಮವರು ಬೈನಾಕ್ಯುಲರ್ ಹಿಡಿದರೆ ನಿಲ್ಲುತ್ತಿರಲಿಲ್ಲ, ನಾನು ಅವರ ಕಣ್ಣಿಗೆ ಹಿಡಿದರೆ ನನಗೆ ಸರಿಯಾದ ಜಾಗ ಸಿಗುತ್ತಿರಲಿಲ್ಲ. ಗೋಡೆಯ ಒಂದು ಭಾಗ ಮೌನವಾಗಿ ಜಾರಿತು, ಅದರ ಗುಡುಗು ಆಮೇಲೆ ನಮ್ಮ ಬಳಿಗೆ ಬಂತು. ಕೆಂಪು ಬೋಟು ಅದರ ಮುಂದೆ ನಿಂತಿತ್ತು. "ಸಾವಿರಾರು ಉಂಟು ಅಲ್ಲಿ" ಎಂದರು ನಮ್ಮವರು. "ಒಮ್ಮೆ ಹತ್ತಿರ ಹೋಗಿ ನೋಡ್ಬೇಕಿತ್ತು." ಅಷ್ಟೇ ಹೇಳಿದ್ದು. ಆಮೇಲೆ ಗಾಳಿಗೆ ತೇಲಿಕೊಂಡು ಒಂದೇ ಒಂದು ಹಕ್ಕಿ ಹಡಗಿನವರೆಗೆ ಬಂತು. ನಮ್ಮವರು ಕ್ಯಾಮೆರಾವನ್ನು ಕಂಬಿಯ ಮೇಲೆ ಒತ್ತಿ ಹಿಡಿದು ಕೆಲವು ಚಿತ್ರ ತೆಗೆದರು.

ಬೋಟಿನಿಂದ ಬಂದ ಡಾಕ್ಟರ ಕೆನ್ನೆ ಕೆಂಪಗಾಗಿತ್ತು. "ನೀನು ಬರ್ಬೇಕಿತ್ತು ಮಾರಾಯ!" ಎಂದರು, ನಮ್ಮವರ ಮೊಣಕೈ ಹಿಡಿದು.

ಮುಂದಿನ ಚಳಿಗಾಲದಲ್ಲಿ ನಮ್ಮವರು ನ್ಯುಮೋನಿಯಾದಿಂದ ಹೋದರು. ಕೂಟದವರು ಹಾರ್ಬೋರ್ನ್‌ನ ಒಂದು ಚರ್ಚ್ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಅಂಥ ಸಭೆಗಳ ರೀತಿ ನಿಮಗೆ ಗೊತ್ತು. ಸತ್ತವರ ಫೋಟೋ, ಹಾರ, ಒಬ್ಬೊಬ್ಬರಾಗಿ ಒಳ್ಳೆಯ ಮಾತು, ಆಮೇಲೆ ಸಮೋಸ. ಯಾರು ಏನೇ ಹೇಳಲಿ, ಅಲ್ಲಿ ಎದ್ದು ನಿಂತು ಅದು ಹಾಗಲ್ಲ ಎನ್ನುವವರಿಲ್ಲ. ಡಾಕ್ಟರು ಕೊನೆಯಲ್ಲಿ ಮಾತಾಡಿದರು. ದನಿ ತಗ್ಗಿಸಿ ಶುರುಮಾಡಿದರು.

"ಸದಾಶಿವನಿಗೆ ಗ್ಲೇಷಿಯರ್ ನೋಡ್ಬೇಕು ಅಂತ ಆಸೆ. ಎಲ್ಲರೂ ಬೇಡ ಅಂದ್ರು. ನಾನುಂಟಲ್ಲ ಅಂತ ನಾನೇ ಅವನನ್ನು ಬೋಟಿಗೆ ಇಳಿಸಿದೆ. ಅವನ ಕೈ ನನ್ನ ಕೈಯಲ್ಲಿತ್ತು, ನಡುಗ್ತಾ ಇತ್ತು. ಮಂಜು ಬಿತ್ತು. ನನ್ನ ಹೆಂಡತಿ ಹೆದರಿ ಕಿರುಚಿಯೇ ಬಿಟ್ಳು. ಆದ್ರೆ ಇವ ನನ್ನ ಮುಖ ನೋಡಿ ಹೇಳಿದ, ಡಾಕ್ಟ್ರೇ, ಇನ್ನು ಸತ್ರೂ ಅಡ್ಡಿ ಇಲ್ಲ ಅಂತ."

ಹಾಲಿನಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ಗಿರೀಶರು ಮುಂದಿನ ಸಾಲಿನಲ್ಲಿ ಕೂತು ತಲೆ ಅಲ್ಲಾಡಿಸುತ್ತಿದ್ದರು. ನಾನು ಹಾರ ಹಾಕಿದ ಫೋಟೋದ ಪಕ್ಕ ಕೂತಿದ್ದೆ. ಹೆಂಗಸರು ಬಂದು ನನ್ನ ಕೈ ಹಿಡಿದು, ಅದೊಂದಾದರೂ ನೋಡಿ ಹೋದರಲ್ಲ, ಡಾಕ್ಟರ ಪುಣ್ಯ ಎಂದರು. ನಾನು ಹೂಂ ಎಂದೆ.

ಆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಪಿಕ್ನಿಕ್ಕಿನಲ್ಲಿ, ಗಣೇಶನ ಹಬ್ಬದಲ್ಲಿ, ಹೊಸಬರು ಬಂದಾಗಲೆಲ್ಲ ಹೇಳಿದರು. ಹೇಳಿ ಹೇಳಿ ಮಂಜುಗಡ್ಡೆ ದೊಡ್ಡದಾಯಿತು, ಒಂದು ಹಿಮಕರಡಿಯೂ ಸೇರಿಕೊಂಡಿತು. ಒಮ್ಮೆ ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ ನನ್ನ ಅಕ್ಕನ ಮಗನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಮುಖಪರಿಚಯವೂ ಇಲ್ಲದ ಒಬ್ಬಾಕೆ ತಟ್ಟೆ ಹಿಡಿದುಕೊಂಡು ಬಂದು "ಗ್ಲೇಷಿಯರ್ ನೋಡಿ ತೃಪ್ತಿಯಾಗಿ ಹೋದ್ರಂತಲ್ಲ, ಅವರ ಮಿಸೆಸ್ ನೀವೇನಾ?" ಎಂದು ಕೇಳಿದರು. ನನ್ನ ಗಂಡ ಗ್ಲೇಷಿಯರ್ ನೋಡಿ ತೃಪ್ತಿಯಾಗಿ ಹೋಗಲಿಲ್ಲ. ಆಸೆ ಇಟ್ಟುಕೊಂಡೇ ಹೋದರು. ಕೊನೆಗೆ ಅವರ ಹತ್ತಿರ ಉಳಿದದ್ದು ಆ ಆಸೆಯೊಂದೇ. ಸೀಟು ಕಿತ್ತುಕೊಂಡದ್ದು ಸಾಲದೆಂದು ಡಾಕ್ಟರು ಅದನ್ನೂ ಕಿತ್ತುಕೊಂಡರು.

ಡಾಕ್ಟರಿಗೆ ಕಾಯಿಲೆ ಹತ್ತಿ, ಇನ್ನು ಹೆಚ್ಚು ದಿನವಿಲ್ಲ ಎಂದಾದಾಗ ನೋಡಲು ಹೋದೆ. ಮಧ್ಯಾಹ್ನ, ಕೋಣೆಯಲ್ಲಿ ನಾವಿಬ್ಬರೇ. ಆ ಗಟ್ಟಿ ದನಿ ಗಾಳಿಯಷ್ಟೇ ಆಗಿತ್ತು. ಇನ್ನೊಂದು ಅವಕಾಶ ಸಿಗುವುದಿಲ್ಲ ಎಂದು ನೇರವಾಗಿಯೇ ಕೇಳಿದೆ. "ಡಾಕ್ಟ್ರೇ, ಇವರು ಬೋಟಲ್ಲಿ ಇರಲಿಲ್ಲ. ಯಾಕೆ ಹಾಗೆ ಹೇಳಿದ್ರಿ?"

ಅವರು ಗೋಡೆ ನೋಡಿದರು. "ನಿಮಗೊಂದು ಸಮಾಧಾನ ಆಗಲಿ ಅಂತ ಹೇಳಿದ್ದು ಮಾರಾಯ್ರೆ."

"ಸಮಾಧಾನ ಯಾರಿಗಾಯ್ತು?"

ನೀರು ಕೇಳಿದರು. ಕೊಟ್ಟೆ, ತಲೆ ಎತ್ತಿ ಹಿಡಿದು ಕುಡಿಸಿದೆ. ಮಗಳನ್ನು ಹೊತ್ತುಕೊಂಡು ಹಿಮದಲ್ಲಿ ನಡೆದದ್ದಕ್ಕೆ ಅದು ಸರಿಹೋಯಿತು ಎಂದುಕೊಂಡೆ. ನೀರು ಕುಡಿದ ಮೇಲೆ ನನ್ನ ಮೊಣಕೈಯನ್ನು ಹುಡುಕಿ ಹಿಡಿದುಕೊಂಡರು. "ನನ್ನ ಸಭೆಯಲ್ಲಿ ನೀವು ಮಾತಾಡ್ಬೇಕು. ಆ ಹಡಗಿನ ಕಥೆ ನೀವೇ ಹೇಳಿ. ನೀವು ಹೇಳಿದ್ರೆ ಜನ ನಂಬ್ತಾರೆ."

ಸಾಯುವ ಮನುಷ್ಯ ತನ್ನ ಸುಳ್ಳಿಗೆ ನನ್ನ ಸಾಕ್ಷಿ ಕೇಳುತ್ತಿದ್ದರು. "ಹೇಳ್ತೀನಿ ಡಾಕ್ಟ್ರೇ" ಎಂದೆ. ಮೊಣಕೈ ಬಿಡಿಸಿಕೊಂಡು ಮನೆಗೆ ಬಂದೆ. ಅಷ್ಟು ಹಗುರವಾಗಿ ನಾನು ಆ ಎರಡು ಬೀದಿಗಳನ್ನು ಯಾವತ್ತೂ ದಾಟಿರಲಿಲ್ಲ.

ಅವರ ಶ್ರದ್ಧಾಂಜಲಿ ಸಭೆಯಲ್ಲಿ ನನ್ನನ್ನು ಕರೆದರು. ಮೈಕಿನ ಮುಂದೆ ನಿಂತೆ. ಎದುರಿಗೆ ಸುಮತಿ ಅಕ್ಕ ಕೂತಿದ್ದರು, ಸಣ್ಣಗಾಗಿದ್ದರು. ಅವರ ಮುಖ ನೋಡಿ ಬಾಯಿ ಬರಲಿಲ್ಲ. "ಬರೆದು ಕೊಡ್ತೀನಿ" ಎಂದಷ್ಟೇ ಹೇಳಿ ಇಳಿದೆ. ದುಃಖದಿಂದ ಗಂಟಲು ಕಟ್ಟಿತು ಎಂದು ಜನ ತಿಳಿದರು.

ಬರೆಯುವ ಮೊದಲು ಸುಮತಿ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಹಡಗಿನಲ್ಲಿ ಆದದ್ದನ್ನು ಆದ ಹಾಗೇ ಬರೀತೀನಿ. ನಿಮಗೆ ನೋವಾಗುತ್ತೆ ಅಂದ್ರೆ ಈಗಲೇ ಹೇಳಿ" ಎಂದೆ. ಅಕ್ಕ ಹೇಳಿದರು. "ಬರಿ. ಆದ್ರೆ ನಾನು ಬೋಟಲ್ಲಿ ಕಿರುಚಿದೆ ಅಂತ ಮಾತ್ರ ಬರೀಬೇಡ. ನಾನು ಕ್ಯಾಬಿನ್ನಲ್ಲಿ ಬಕೆಟ್ ಹಿಡ್ಕೊಂಡು ಬಿದ್ದಿದ್ದೆ. ಒಮ್ಮೆ ಬಾಗಿಲು ತೆಗೆದು ಹೇಗಿದ್ದಿ ಅಂತ ಕೇಳ್ಲಿಲ್ಲ ಆ ಪುಣ್ಯಾತ್ಮ."

ಸರಿ, ಬರೆದೆ. ಡಾಕ್ಟ್ರೇ, ಹಡಗಿನ ಕಥೆ ನಾನೇ ಹೇಳಿದ್ದೇನೆ. ನಾನು ಹೇಳಿದರೆ ಜನ ನಂಬುತ್ತಾರೆ ಎಂದಿದ್ದಿರಲ್ಲ, ನಂಬಲಿ.

ಗಿರೀಶರು ಲೇಖನದ ಜೊತೆ ಡಾಕ್ಟರದ್ದೊಂದು ಕ್ರೂಸಿನ ಫೋಟೋ ಇದ್ದರೆ ಕಳಿಸಿ ಎಂದಿದ್ದಾರೆ. ಒಂದೇ ಒಂದು ಇದೆ, ನಮ್ಮವರು ಆ ಬೆಳಿಗ್ಗೆ ತೆಗೆದದ್ದು. ಉಳಿದವೆಲ್ಲ ಕೈ ನಡುಗಿ ಮಸುಕಾಗಿವೆ, ಇದೊಂದು ನಿಂತಿದೆ. ಇಡೀ ಚಿತ್ರದ ತುಂಬ ಹಕ್ಕಿ. ಬಿಚ್ಚಿದ ರೆಕ್ಕೆಯ ಒಂದೊಂದು ಗರಿಯನ್ನೂ ಎಣಿಸಬಹುದು, ತುದಿಯಲ್ಲಿ ಆ ಶಾಯಿಯ ಕಪ್ಪು. ಹಿಂದೆ, ಬಹಳ ಹಿಂದೆ, ರೆಕ್ಕೆಯ ಕೆಳಗೆ ನೀರಿನ ಮೇಲೆ ಒಂದು ಕೆಂಪು ಚುಕ್ಕೆ ಇದೆ. ಅದು ಬೋಟು. ಡಾಕ್ಟರು ಅದರಲ್ಲಿದ್ದಾರೆ, ಗಿರೀಶರೂ ಇದ್ದಾರೆ. ಬೇಕಾದವರು ಹುಡುಕಿಕೊಳ್ಳಲಿ.

ಚಿತ್ರದ ಕೆಳಗೆ ಹೆಸರು ಹಾಕಲೇಬೇಕು ಎಂದರೆ ಹೀಗೆ ಹಾಕಿ: ಕಿಟಿವೇಕ್. ಚಿತ್ರ ತೆಗೆದವರು ಸದಾಶಿವ.